ಅರ್ಧ ಗಂಟೆ ತಡವಾದ ಬಾವಿ

ಬಾವಿಕಟ್ಟೆಯ ಮೇಲೆ ಹೊಟ್ಟೆಯೂರಿ, ಅರ್ಧ ಮೈ ಒಳಕ್ಕೆ ಬಾಗಿಸಿದ್ದ ಸೆಬಾಸ್ಟಿಯನ್‌ನನ್ನು ಕಂಡದ್ದೇ ತಡ, ಲೂಸಿ ಕೊಡ ಬಿಸಾಕಿ ಓಡಿಬಂದು ಅವನ ಸೊಂಟ ಹಿಡಿದು ಎಳೆದಳು. ಇಬ್ಬರೂ ಚಪ್ಪಡಿಯ ಮೇಲೆ ಕುಕ್ಕರಿಸಿದರು. ಅವನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

"ಸಾಯೋದಿದ್ರೆ ನಮ್ಮ ಬಾವೀನೇ ಬೇಕಿತ್ತಾ? ಆಮೇಲೆ ನಾವು ನೀರು ಎಲ್ಲಿ ಸೇದೋದು?" ಎಂದಳು. ಬಾಯಿ ಬೈಯುತ್ತಿತ್ತು, ಕೈ ಮಾತ್ರ ಅವನ ಅಂಗಿ ಬಿಡಲಿಲ್ಲ.

"ನೀರು ಅಳೀತಿದ್ದೆ ಕಣಮ್ಮ. ನಿನ್ನ ಹಿಡಿತ ನೋಡಿದ್ರೆ ಸಾಯೋಕೂ ನಿನ್ನ ಅಪ್ಪಣೆ ಕೇಳ್ಬೇಕೇನೋ."

ಅವನ ತುಟಿಯಂಚು ಸ್ವಲ್ಪ ಅಲುಗಿತು. ಅದನ್ನು ನಗು ಅನ್ನುವುದಾದರೆ, ಅವನು ನಕ್ಕು ತಿಂಗಳಾಗಿತ್ತು.

ಅದು ಸಾವಿರದ ಒಂಬೈನೂರ ಆರನೇ ಇಸವಿ. ಲೂಸಿಯ ಅಪ್ಪ ಇನ್ನಾಸಿಮುತ್ತು ಮೈಸೂರಿನ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದ. ಅವರ ಹಿತ್ತಲ ಕೋಣೆಯೇ ತಂದೆ ತಾಯಿಯಿಲ್ಲದ ಸೆಬಾಸ್ಟಿಯನ್‌ಗೆ ಮನೆ. ಕೆಲಸ ಮಾತ್ರ ದೂರದ ಪಡುಗಡಲ ಬಂದರಿನಲ್ಲಿ. ಯಾವ ಹೊತ್ತಿಗೆ ಕಡಲು ಎಷ್ಟು ಏರುತ್ತದೆ, ನದಿ ಕಡಲಿಗೆ ಸೇರುವ ಅಳಿವೆಯ ಮರಳುದಿಬ್ಬದ ಮೇಲೆ ಎಷ್ಟು ನೀರು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಹಾಯಿಹಡಗನ್ನು ದಾಟಿಸುವುದು. ಹೋದ ಹುಣ್ಣಿಮೆಯಂದು ಆ ಲೆಕ್ಕ ತಪ್ಪಿತು. ಹಡಗು ದಿಬ್ಬಕ್ಕೆ ಕಚ್ಚಿಕೊಂಡಿತು, ಅಲೆ ಹೊಡೆಯಿತು, ಅವನ ಮಾತು ನಂಬಿ ಜೊತೆಗೆ ಹೋಗಿದ್ದ ಬಾಲ್ಯದ ಗೆಳೆಯ ಸಹಾಯರಾಜ್ ನೀರುಪಾಲಾದ. ಹೆಣ ಸಿಗಲಿಲ್ಲ. ಅಂದಿನಿಂದ ಸೆಬಾಸ್ಟಿಯನ್ ಕೋಣೆಯಲ್ಲಿ ಕುಳಿತು ಅದೇ ಲೆಕ್ಕವನ್ನು ಮತ್ತೆ ಮತ್ತೆ ಬರೆಯುತ್ತಿದ್ದ.

"ಬಾವಿ ನೀರು ಅಳೆಯೋದೇನಿದೆ?" ಲೂಸಿ ಕೇಳಿದಳು.

"ಬಗ್ಗಿ ನೋಡು."

ನೋಡಿದಳು. ಒಳಗಿನ ಕಲ್ಲಿನ ಮೇಲೆ ಸುಣ್ಣದ ಗೆರೆಗಳಿದ್ದವು. ಅವಳ ಕಣ್ಣೆದುರೇ ಒಂದು ಗೆರೆ ಮುಳುಗಿತು. ಗಾಳಿಯಿಲ್ಲ, ಕೊಡವಿಳಿದಿಲ್ಲ. ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗಿನಿಂದ ತಣ್ಣನೆ ಉಸಿರೊಂದು ಬಂದು ಅವಳ ಮುಖಕ್ಕೆ ತಾಗಿತು. ತುಟಿ ನೆಕ್ಕಿಕೊಂಡರೆ ಉಪ್ಪು. ಮೈಸೂರೆಲ್ಲಿ, ಕಡಲೆಲ್ಲಿ, ನಡುವೆ ಇಡೀ ಘಟ್ಟವೇ ಇದೆಯಲ್ಲ ಅಂದುಕೊಂಡಳು.

"ನಾಲ್ಕು ಬೆರಳು ಏರುತ್ತೆ, ನಾಲ್ಕು ಬೆರಳು ಇಳಿಯುತ್ತೆ," ಎಂದ ಅವನು, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವವನಂತೆ. "ಕಡಲಿನ ಹಾಗೇ."

ಅವಳಿಗೆ ಹೆದರಿಕೆಯಾಯಿತು. ಆದರೂ ಅವನು ಇಷ್ಟು ಮಾತಾಡಿದ್ದೇ ದೊಡ್ಡದು, ನಿಲ್ಲಿಸಲು ಮನಸ್ಸಾಗಲಿಲ್ಲ. "ಆ ಲೆಕ್ಕ ನನಗೂ ಹೇಳ್ಕೊಡಿ," ಎಂದಳು.

ಅವನು ಚಪ್ಪಡಿಯ ಮೇಲೆ ಹುಣಸೆಬೀಜ ಜೋಡಿಸಿದ. "ಕೆಳಗಿಂದ ಮೇಲಕ್ಕೆ ಏರೋಕೆ ಆರು ಗಂಟೆ. ಏರೋ ನೀರನ್ನ ಹನ್ನೆರಡು ಪಾಲು ಮಾಡು. ಮೊದಲ ಗಂಟೇಲಿ ಒಂದು ಪಾಲು, ಆಮೇಲೆ ಎರಡು, ನಡುವಿನ ಎರಡು ಗಂಟೇಲಿ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು."

"ಮೊದಲು ನಾಚ್ಕೊಳುತ್ತೆ, ನಡುವೆ ಓಡುತ್ತೆ, ಕೊನೇಲಿ ಮತ್ತೆ ನಾಚ್ಕೊಳುತ್ತೆ ಅನ್ನಿ. ನಿಮ್ಮಂಗೆ."

"ನಾನೆಲ್ಲಿ ಓಡಿದೀನಿ?"

"ಅದನ್ನೇ ಹೇಳಿದ್ದು. ಮೂರು ವರ್ಷದಿಂದ ಮೊದಲ ಗಂಟೇಲೇ ನಿಂತ್ಬುಟ್ಟಿದೀರ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ಬೀಜವೊಂದನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು. ಕಿವಿ ಬಿಸಿಯಾಗಿತ್ತು. ಅಷ್ಟರಲ್ಲಿ ಬಾವಿಯೊಳಗೆ ಟೊಕ್ ಎಂದು ಮರ ಕಲ್ಲಿಗೆ ತಾಕಿದ ಸದ್ದಾಯಿತು. ಬಾವಿಯಲ್ಲಿ ಮರವಿರಲಿಲ್ಲ.

ಮೂರು ದಿನ ಇಬ್ಬರೂ ಗೆರೆ ನೋಡಿದರು. ಅವನ ಬಳಿಯಿದ್ದ ಕಡಲಿನ ಏರಿಳಿತದ ಪಟ್ಟಿಯ ಪ್ರಕಾರ ಮೊದಲ ದಿನ ಒಂಬತ್ತಕ್ಕೆ ನೀರು ತುಂಬಬೇಕು, ಅವನ ಗಡಿಯಾರದಲ್ಲಿ ಒಂಬತ್ತೂವರೆಗೆ ತುಂಬಿತು. ಮಾರನೇ ದಿನ ಹತ್ತಕ್ಕೆ ಹತ್ತು ನಿಮಿಷವಿರುವಾಗ ತುಂಬಬೇಕು. ಹತ್ತೂ ಇಪ್ಪತ್ತಕ್ಕೆ ತುಂಬಿತು. ಮೂರನೇ ದಿನವೂ ಅರ್ಧ ಗಂಟೆ ತಡ.

"ಹಡಗಿನ ದಿನ ಎಂಟು ಗಂಟೆಗೆ ಒಂಬತ್ತು ಪಾಲು ನೀರಿರಬೇಕಿತ್ತು," ಎಂದ ಸೆಬಾಸ್ಟಿಯನ್. "ಒಂದು ಗೇಣು ಕಮ್ಮಿ ಬಿತ್ತು. ಪಟ್ಟಿ ಬಂದರಿನ ಗಂಟೇದು, ನನ್ನ ಗಡಿಯಾರಾನೂ ಬಂದರಿನ ಗಂಟೇದೇ. ತಪ್ಪೋ ಮಾತೇ ಇಲ್ಲ."

"ಬಂದರಿಗೆ ಬೇರೆ ಗಂಟೆನಾ?"

"ಪಡುವಣದಲ್ಲಿ ಹೊತ್ತು ತಡ ಕಣಮ್ಮ. ಈಗ ಹೊಸದಾಗಿ ಬಂದಿರೋ ರೈಲಿನ ಗಂಟೆಗಿಂತ ಅರ್ಧ ಗಂಟೆ ಹಿಂದೆ."

ಲೂಸಿ ಬಾವಿ ಬಿಟ್ಟು ಅವನ ಕೋಣೆಯ ಕಿಟಕಿಯತ್ತ ತಿರುಗಿದಳು.

ಹಡಗು ಮುಳುಗುವ ನಾಲ್ಕು ದಿನ ಮೊದಲು, ರಜಕ್ಕೆ ಬಂದಿದ್ದ ಅವನು ವಾಪಸು ಹೊರಡುವ ಬೆಳಿಗ್ಗೆ, ಕಿಟಕಿಯಲ್ಲಿದ್ದ ಅವನ ಗಡಿಯಾರವನ್ನು ಅವಳು ಅಪ್ಪನ ರೈಲಿನ ಗಡಿಯಾರದ ಪಕ್ಕ ಇಟ್ಟು ನೋಡಿದ್ದಳು. ಅರ್ಧ ಗಂಟೆ ಹಿಂದಿತ್ತು. ಪಾಪ, ಕೆಟ್ಟಿದೆ ಅಂದುಕೊಂಡು ಮುಳ್ಳನ್ನು ಮುಂದಕ್ಕೆ ತಿರುಗಿಸಿ, ಯಾರೂ ನೋಡದಂತೆ ಗಾಜಿಗೊಂದು ಮುತ್ತು ಕೊಟ್ಟು ಇಟ್ಟಿದ್ದಳು.

"ಸಹಾಯರಾಜ ಕರೀತಿದಾನೆ," ಅವನು ಮೆಲ್ಲಗೆ ಹೇಳುತ್ತಿದ್ದ. "ಅರ್ಧ ಗಂಟೆ ನೀರನ್ನ ತಡೆದು ಕಾಯ್ತಾನೆ, ನನಗೋಸ್ಕರ. ನಾಳೆ ತುಂಬಿದಾಗ ಇಳಿದು ಕೇಳ್ತೀನಿ, ಲೆಕ್ಕ ಎಲ್ಲಿ ತಪ್ಪಿತು ಅಂತ."

"ಹಗ್ಗ ಕಟ್ಕೊಂಡಾ?"

"ಹಗ್ಗ ಯಾಕೆ?"

ಅವಳಿಗೆ ಅನ್ನ ಸೇರಲಿಲ್ಲ. ಹೇಳಿದರೆ ಅವನು ಬದುಕುತ್ತಾನೆ, ತನ್ನವನಾಗಿ ಉಳಿಯುವುದಿಲ್ಲ. ಗೆಳೆಯನನ್ನು ಕೊಂದ ಕೈಯನ್ನು ಯಾರು ಹಿಡಿಯುತ್ತಾರೆ? ಹೇಳದಿದ್ದರೆ ಅವನೇ ಉಳಿಯುವುದಿಲ್ಲ.

ಮರುದಿನ ಹನ್ನೊಂದು ದಾಟಿದಾಗ ಅವನು ಬಾವಿಯೊಳಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದ. ಒಳಗಿನ ಟೊಕ್ ಟೊಕ್ ಬೇಗಬೇಗ ಆಗುತ್ತಿತ್ತು. ಲೂಸಿ ಈ ಸಲ ಅವನ ಅಂಗಿ ಹಿಡಿಯಲಿಲ್ಲ. ಎದುರಿನ ಕಟ್ಟೆಗೆ ಬಂದು ನಿಂತಳು.

"ನಿಮ್ಮ ಲೆಕ್ಕ ಸರಿ ಇತ್ತು. ಗಡಿಯಾರ ಮುಂದಕ್ಕೆ ತಿರುಗಿಸಿ, ನೀರು ಏರೋ ಮುಂಚೇನೇ ನಿಮ್ಮನ್ನ ಹೊರಡಿಸಿದ್ದು ನಾನು. ಅರ್ಧ ಗಂಟೆ."

ಅವನು ಕಟ್ಟೆಯ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ, "ಯಾಕೆ?" ಎಂದ.

"ಗಡಿಯಾರ ಹಿಂದಿತ್ತು, ಹಾಗೇ ಬಿಟ್ಟು ನಿಮಗೆ ರೈಲು ತಪ್ಪಲಿ ಅಂತ ನನಗೆ ಆಸೆ ಇತ್ತು ಕಣ್ರೀ. ತಪ್ಪಿದ್ರೆ ಇನ್ನೊಂದು ದಿನ ಇರ್ತೀರಲ್ಲ ಅಂತ. ಆ ಆಸೆಗೆ ನಾಚಿಕೆಯಾಗಿ ಮುಳ್ಳನ್ನ ಮುಂದಕ್ಕೆ ತಿರುಗಿಸ್ದೆ. ನಿಮ್ಮ ಮೇಲಿನ ಪ್ರೀತಿಗೇ ಮಾಡಿದ್ದು. ಅದಕ್ಕೆ ಒಂದು ಜೀವ ಹೋಯ್ತು."

ಬಾವಿಯೊಳಗಿನ ಸದ್ದು ನಿಂತಿತು. ಸೆಬಾಸ್ಟಿಯನ್ ಒಂದೊಂದೇ ಕಾಲನ್ನು ಈಚೆಗೆ ತೆಗೆದ. ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ. ಲೂಸಿ ಹತ್ತಿರ ಹೋಗಲಿಲ್ಲ. ಆ ಹಕ್ಕು ಇನ್ನು ತನಗಿಲ್ಲ ಅಂದುಕೊಂಡಳು.

"ಅಂತೋಣಿಯಮ್ಮನ ಹತ್ರ ಹೋಗಿ ಹೇಳ್ತೀನಿ," ಎಂದಳು. ಅಂತೋಣಿಯಮ್ಮ ಸಹಾಯರಾಜನ ತಾಯಿ. ಚರ್ಚಿನ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದಳು. "ನಾನೊಬ್ಬಳೇ ಹೋಗ್ತೀನಿ. ತಪ್ಪು ನಂದು."

ಅವನು ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡು ಎದ್ದ. "ಹಡಗು ಹತ್ತೋ ಮುಂಚೆ ಬಂದರಿನ ಗಡಿಯಾರ ನೋಡ್ಕೊಳ್ದೇ ಹೋದವನು ನಾನು. ಒಬ್ಬಳನ್ನೇ ಕಳಿಸಲ್ಲ."

ಇಬ್ಬರೂ ಚರ್ಚಿನ ಹಿಂದಿನ ಬೀದಿಗೆ ನಡೆದರು. ಅಂತೋಣಿಯಮ್ಮನ ಬಾಗಿಲು ತೆರೆದಿತ್ತು. ಬಿರುಬಿಸಿಲಿನ ಹಗಲಲ್ಲಿ ಹೊಸ್ತಿಲು ಒದ್ದೆಯಾಗಿತ್ತು. ಲೂಸಿ ಅಲ್ಲೇ ನಿಂತು, ಗಡಿಯಾರದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಅವಳ ದನಿ ನಡುಗಿದಾಗಲೆಲ್ಲ ಸೆಬಾಸ್ಟಿಯನ್ ಅರ್ಧ ಹೆಜ್ಜೆ ಹತ್ತಿರ ಬಂದ. ಕೊನೆಗೆ ಅವನ ತೋಳು ಅವಳ ತೋಳಿಗೆ ತಾಗಿ ನಿಂತಿತ್ತು.

ಮುದುಕಿ ಅಳಲಿಲ್ಲ, ಶಪಿಸಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಈಗ ಸ್ವಲ್ಪ ಹೊತ್ತಿಗೆ ಮುಂಚೆ ಬಂದಿದ್ದ ಕಣಮ್ಮ ನನ್ನ ಮಗ," ಎಂದಳು. "ಇಲ್ಲೇ ನಿಂತಿದ್ದ, ಬಟ್ಟೆಯೆಲ್ಲಾ ನೀರು. ಅವರಿಬ್ರು ಒಬ್ಬೊಬ್ಬರೇ ಬಂದ್ರೆ ಬಾಗಿಲು ಹಾಕ್ಕೋ ಅವ್ವ, ಜೋಡಿಯಾಗಿ ಬಂದ್ರೆ ಬೈಬೇಡ ಅಂದ."

ಸೆಬಾಸ್ಟಿಯನ್ ಲೂಸಿಯ ಕೈ ಹಿಡಿದುಕೊಂಡ. ಇಬ್ಬರೂ ಒದ್ದೆ ಹೊಸ್ತಿಲು ದಾಟಿ ಒಳಗೆ ಹೋದರು.