ಉರಿ ಕುಡಿದ ಲೋಳೆಸರ

“ಬೇರೆ ಕುಂಡಗಳಲ್ಲಿ ಎಷ್ಟು ಬೇಕೋ ಅಷ್ಟು ಕುಯ್ಕೋ ತಾಯಿ. ಮೂಲೇಲಿರೋ ಆ ಲೋಳೆಸರ ಮಾತ್ರ ಮುಟ್ಟಬೇಡ,” ಎಂದಳು ಮನೆಯೊಡತಿ, ಬೀಗದ ಕೈ ಕೊಡುತ್ತಾ. “ನಮ್ಮತ್ತೆ ಸುಟ್ಟ ಗಾಯಕ್ಕೆ ಔಷಧಿ ಕೊಡ್ತಿದ್ರು. ಬಂದವರ ಉರೀನೆಲ್ಲ ಮಂತ್ರ ಹಾಕಿ ಅದರೊಳಗೆ ಇಳಿಸಿದ್ದಾರೆ. ನಲವತ್ತು ವರ್ಷದ ಉರಿ ಅದು.”

“ಹಾಗಾದ್ರೆ ಗ್ಯಾಸ್ ಉಳೀತು ಬಿಡಿ ಅಮ್ಮ, ಅದರ ಮೇಲೇ ಟೀ ಕಾಯಿಸ್ಕೋತೀನಿ,” ಎಂದು ನಕ್ಕಳು ಅಲ್ಲಿ ಬ್ಯೂಟಿ ಪಾರ್ಲರ್ ತೆರೆಯಲು ಬಂದವಳು.

ಮನೆಯೊಡತಿ ನಗಲಿಲ್ಲ.

ಮರುದಿನ ಮಧ್ಯಾಹ್ನ ಪಾರ್ಲರಿನವಳ ತಂಗಿ ಬಂದಳು. ಬೆಳಗಾದರೆ ಅವಳಿಗೆ ಹೊಸ ಕೆಲಸ. ಮುಖವೋ ಬಿಸಿಲಿಗೆ ಕಂದಿಹೋಗಿತ್ತು. ಕೊಬ್ಬಿದ ಎಲೆ ಇದ್ದದ್ದು ಮೂಲೆಯ ಗಿಡದಲ್ಲೇ. ಅಕ್ಕ ಹಿಂದೆಮುಂದೆ ನೋಡದೆ ಕುಯ್ದಳು. ಕೆಲಸ ಬಲ್ಲವಳು, ಹಳದಿ ಹಾಲು ಸೋರಿಹೋಗಲೆಂದು ಎಲೆಯನ್ನು ಲೋಟದಲ್ಲಿ ನಿಲ್ಲಿಸಿದಳು. ಸೋರಿದ್ದು ಮಸಿಗಪ್ಪು. ಕೂದಲು ಸುಟ್ಟ ವಾಸನೆ. ‘ಹಳೇ ಗಿಡ, ಇನ್ನೇನು’ ಎಂದುಕೊಂಡು, ತಿರುಳನ್ನು ಚಮಚದಲ್ಲಿ ಕೆರೆದು, ಬ್ರಷ್ಷಿನಿಂದ ತಂಗಿಯ ಮುಖಕ್ಕೆ ಬಳಿದಳು.

“ಆಹಾ, ಐಸ್ ಇಟ್ಟ ಹಾಗಿದೆ ಕಣೇ ಅಕ್ಕ! ಮೊದಲೇ ಹಚ್ಚಿದ್ರೆ ಸಿನಿಮಾಕ್ಕೇ ಸೇರ್ತಿದ್ದೆ...”

ಮಾತು ಅಲ್ಲಿಗೇ ನಿಂತಿತು. ಮುಚ್ಚಿದ ಕಣ್ಣು ತೆರೆಯಲಿಲ್ಲ. ಬಾಯಿ ತೆರೆಯಿತು. ಬಂದದ್ದು ಮಗುವಿನ ಅಳು. “ಅಮ್ಮಾ, ಬಿಸಿನೀರು!” ಬೆನ್ನಿಗೇ ಮುದುಕನ ದನಿ. “ಅಂಗಿಗೆ ಬೆಂಕಿ... ಬಾಗಿಲು ತೆಗೀರೋ...” ಒಂದರ ಮೇಲೊಂದು ಚೀರಾಟ, ಎಲ್ಲವೂ ತಂಗಿಯ ಬಾಯಿಂದ. ಕೆನ್ನೆಯಲ್ಲಿ ಗುಳ್ಳೆ ಎದ್ದಿತು. ಅಕ್ಕ ತಂಬಿಗೆ ನೀರು ಎರಚಿದಳು. ಚುಂಯ್ ಎಂದಿತು. ಹಬೆ ಎದ್ದಿತು.

ಮನೆಯೊಡತಿ ಓಡಿಬಂದಳು. “ನೀರು ಬೇಡ! ಬರಿಗೈಲಿ ಬಳಿದು ತೆಗಿ. ಆ ಉರಿ ಬಿಡೋಕೆ ಇನ್ನೊಂದು ಮೈ ಬೇಕು.”

“ಗಿಡಕ್ಕೇ ವಾಪಸ್ ಇಳಿಸಿ ಅಮ್ಮಾ!”

“ಇಳಿಸೋ ಮಂತ್ರ ಅತ್ತೆ ಜೊತೇಲೇ ಹೋಯ್ತು.”

ಅಕ್ಕ ತನ್ನ ಕೈ ನೋಡಿಕೊಂಡಳು. ಅನ್ನ ಕೊಡುವ ಕೈ. ಬಳಿದು ತೆಗೆದಳು. ಹಣೆ. ಕೆನ್ನೆ. ಗದ್ದ. ಉರಿ ಬೆರಳಿಗೆ ಹತ್ತಿತು. ಮೊಣಕೈಗೆ ಏರಿತು. ಹಲ್ಲು ಕಚ್ಚಿದಳು. ಬಿಡಲಿಲ್ಲ. ದನಿಗಳು ಒಂದೊಂದಾಗಿ ಆರಿದವು.

ತಂಗಿಯ ಮುಖದಲ್ಲಿ ಒಂದು ಕಲೆಯೂ ಉಳಿಯಲಿಲ್ಲ. ಅಕ್ಕನ ಕೈಯಲ್ಲೂ ಗಾಯವಿರಲಿಲ್ಲ. ಒರೆಸಿಕೊಳ್ಳಲು ಟವೆಲ್ ಎತ್ತಿಕೊಂಡಳು. ಹಿಡಿದ ಕಡೆ ಬಟ್ಟೆ ಕರಿಕಾಗಿ, ಬೆರಳಿನಷ್ಟಗಲ ತೂತು ಬಿತ್ತು.

“ಅಕ್ಕಾ...” ತಂಗಿ ಅಳುತ್ತಾ ತಬ್ಬಿಕೊಳ್ಳಲು ಬಂದಳು.

“ಬರಬೇಡ್ವೇ!” ಎಂದು ಚೀರಿ, ಎರಡೂ ಕೈ ಮೇಲೆತ್ತಿ, ಅಕ್ಕ ಗೋಡೆಯವರೆಗೂ ಹಿಂದೆ ಸರಿದಳು.