ಬಾಗಿ ಅತ್ತೆಯ ಕರೆ

ತುರ್ಭೆಯ ಸಣ್ಣ ಕಂಪನಿಯೊಂದರಲ್ಲಿ ನಾನೂ ಬಾಗಿ ಅತ್ತೆಯ ಮಗ ಯತಿನನೂ ಮೊಬೈಲಿಗೆ ದೆವ್ವದ ಗೇಮ್ ಮಾಡುತ್ತಿದ್ದೆವು. ಇಂಥ ಗೇಮುಗಳ ಮಾರುಕಟ್ಟೆ ಒಂದೇ ರೀತಿ: ಜನ ಶುಕ್ರವಾರ ಇಳಿಸಿಕೊಂಡು ಹೆದರುತ್ತಾರೆ, ಭಾನುವಾರ ಬೇಸತ್ತು ಅಳಿಸುತ್ತಾರೆ. ನಮ್ಮದೂ ಹಾಗೇ ಬಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು.

ಮಳೆಗಾಲದ ಆಟಿ ತಿಂಗಳಲ್ಲಿ ಅತ್ತೆ ದಿವಾದಲ್ಲಿರುವ ತಮ್ಮ ಮನೆಯಲ್ಲಿ, ತೀರಿಹೋದ ಹಿರಿಯರಿಗೆ ಎಲೆಯಲ್ಲಿ ಪತ್ರೊಡೆ ಬಡಿಸಿ, ತುಳುವಿನಲ್ಲಿ ಊಟಕ್ಕೆ ಕರೆದು, ಕೋಣೆಯ ಬಾಗಿಲು ಮುಚ್ಚಿದರು. ಯತಿನ್ ಆ ದನಿಯನ್ನು ರೆಕಾರ್ಡ್ ಮಾಡಿ ಗೇಮಿಗೆ ಹಾಕಿದ.

ಶುಕ್ರವಾರ ಗೇಮ್ ಬಿಡುಗಡೆಯಾಯಿತು. ಆ ಭಾನುವಾರ ಆಡುವವರ ಗ್ರಾಫ್ ಬೀಳಲಿಲ್ಲ. ಮಾಲೀಕರು ಪೇಡಾ ಹಂಚಿದರು. ಯತಿನ್ ಪೇಡಾ ಮುಟ್ಟದೆ ಪರದೆ ತೋರಿಸಿದ. “ದೇಖ್, ಇಳಿಸಿಕೊಂಡವರಿಗಿಂತ ಆಡುವವರೇ ಜಾಸ್ತಿ. ಸಬ್ ದೋಪಹರ್ ಕೋ, ಖಾನೇ ಕೇ ಟೈಮ್.” ಗೆರೆ ಏರಿದ್ದೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೇ.

ಆಫೀಸಿನ ಎಸಿ ಕೆಟ್ಟಿತ್ತು. ಆದರೂ ಕೀಬೋರ್ಡ್ ತಣ್ಣಗಿತ್ತು, ಕೋಣೆಯಲ್ಲಿ ಪತ್ರೊಡೆಯ ವಾಸನೆಯಿತ್ತು.

ಅತ್ತೆಗೆ ಫೋನ್ ಮಾಡಿದೆವು.

“ಕರೆದದ್ದು ಹಾಕಿದ್ದಿಯಾ ಮಾರಾಯ? ಆಮೇಲೆ ಬಾಗಿಲು ತಟ್ಟಿ, ಉಂಡಾಯ್ತಲ್ಲ, ಇನ್ನು ಹೊರಡಿ ಅಂದದ್ದು?”

“ವೋ ಲಂಬಾ ಥಾ, ಅಮ್ಮಾ. ಕಾಟ್ ದಿಯಾ.” ಉದ್ದವಾಯಿತೆಂದು ಯತಿನ್ ಕರೆದದ್ದನ್ನಷ್ಟೇ ಉಳಿಸಿ, ಕಳಿಸಿಕೊಟ್ಟದ್ದನ್ನು ಕತ್ತರಿಸಿದ್ದ.

ಅತ್ತೆ ಫೋನ್ ಇಟ್ಟರು.

ಆ ಸಂಜೆಯೇ ನಾವು ಮಾಲೀಕರನ್ನು ಕೇಳದೆ ಗೇಮನ್ನು ಸರ್ವರಿನಿಂದಲೇ ಕಿತ್ತುಹಾಕಿದೆವು. ಕೆಲಸ ಹೋಯಿತು. ಈಗ ಆ ಗೇಮ್ ಯಾರ ಫೋನಿನಲ್ಲೂ ತೆರೆಯುವುದಿಲ್ಲ. ಆದರೆ ಯತಿನನ ಹಳೆಯ ಲ್ಯಾಪ್‌ಟಾಪಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಆಡುವವರ ಗೆರೆ ಇನ್ನೂ ಏರುತ್ತದೆ.