ಹಾಸಿಗೆಯ ಎಡಗಡೆ

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೆ ದೊಡ್ಡಾಸ್ಪತ್ರೆಯ ಹೆಡ್ ಸಿಸ್ಟರ್ ಠಾಣೆಗೆ ಬಂದರು. ಕಾಲಲ್ಲಿ ವಾರ್ಡಿನೊಳಗೆ ಹಾಕುವ ರಬ್ಬರ್ ಚಪ್ಪಲಿಯೇ ಇತ್ತು. ಬದಲಾಯಿಸುವುದನ್ನು ಮರೆತು ಬಂದಿದ್ದರು. ದೂರು ಚಿಕ್ಕದು: ಐಸಿಯುವಿನ ಎಕೋ ಯಂತ್ರದ ಪ್ರೋಬ್ ಕಳುವಾಗಿದೆ.

"ಪ್ರೋಬ್ ಅಂದ್ರೆ ಏನಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಎದೆ ಮೇಲಿಟ್ಟು ಹೃದಯ ನೋಡ್ತಾರಲ್ಲ ಸರ್, ಆ ಹಿಡಿ. ಅಂಗೈಯಷ್ಟು ದೊಡ್ಡದು, ಹಿಂದೆ ಉದ್ದ ವಯರ್. ಅದಿಲ್ದಿದ್ರೆ ಮಷಿನ್ ಬರೀ ಟಿವಿ."

"ಇನ್ನೊಂದಿಲ್ವಾ?"

"ರಿಪೇರಿಗೆ ಹೋಗಿದೆ. ಬೇರೆ ಆಸ್ಪತ್ರೆಯಿಂದ ತರಿಸ್ತಿದ್ದೀವಿ, ಬರೋದು ಮಧ್ಯಾಹ್ನ ಆಗುತ್ತೆ. ಎರಡನೇ ಹಾಸಿಗೆ ಹುಡುಗಿ ಅಲ್ಲೀತನಕ ತಡೀತಾಳೆ ಅನ್ನೋ ಧೈರ್ಯ ನಂಗಿಲ್ಲ."

ಎರಡನೇ ಹಾಸಿಗೆಯಲ್ಲಿದ್ದವಳಿಗೆ ಹಿಂದಿನ ದಿನ ಹೃದಯದ ಕವಾಟದ ಆಪರೇಷನ್ ಆಗಿತ್ತು. ಬೆಳಿಗ್ಗೆಯಿಂದ ರಕ್ತದೊತ್ತಡ ಇಳಿಯುತ್ತಿತ್ತು. ಹೃದಯದ ಸುತ್ತ ರಕ್ತ ಕಟ್ಟಿಕೊಂಡು ಒತ್ತುತ್ತಿರಬಹುದು, ಇಲ್ಲವೇ ಹೃದಯವೇ ಸೋತಿರಬಹುದು. ಒಂದಕ್ಕೆ ಕೊಡುವ ಚಿಕಿತ್ಸೆ ಇನ್ನೊಂದಕ್ಕೆ ಕೇಡು. ಯಾವುದೆಂದು ತಿಳಿಯಲು ಹೃದಯವನ್ನು ಕಣ್ಣಾರೆ ನೋಡಬೇಕು.

ಇನ್‌ಸ್ಪೆಕ್ಟರ್ ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಹಾಕುವವರಲ್ಲ. ಆ ದಿನದ ಎಫ್‌ಐಆರ್‌ಗೆ ಒಂದೇ ಸಲ ಓದಿ ಸಹಿ ಹಾಕಿದರು. ಜೀಪಿನಲ್ಲಿ ಕೂತ ಮೇಲೆ ಏನಾದರೂ ತಪ್ಪು ಉಳಿಯಿತೇ ಎಂಬ ಕಸಿವಿಸಿ ಶುರುವಾಯಿತು.

"ವಯರ್ ಒಳಗಿನ ತಾಮ್ರ ಮಾರಿದ್ರೂ ಒಂದು ಕಪ್ ಟೀ ಹುಟ್ಟಲ್ಲ ಸರ್," ಎಂದರು ಪಕ್ಕದಲ್ಲಿ ಕೂತಿದ್ದ ದಫೇದಾರರು. "ಯಾರು ಕದೀತಾರೆ ಇದನ್ನ?"

"ಬೇಕಾದವ್ರು ಕದೀತಾರೆ. ಇಲ್ಲ, ಬೇರೆಯವ್ರಿಗೆ ಸಿಗಬಾರದು ಅನ್ನೋರು ಕದೀತಾರೆ."

ಐಸಿಯುವಿನ ಬಾಗಿಲಲ್ಲಿ ಬೂಟು ಬಿಚ್ಚಿಸಿದರು. ಒಳಗೆ ಒಂದೊಂದು ಹಾಸಿಗೆಗೂ ಒಂದೊಂದು ಸದ್ದು. ಎಕೋ ಯಂತ್ರ ಮೊದಲನೇ ಹಾಸಿಗೆಯ ಬಲಗಡೆ, ಗಾಲಿಯ ಮೇಜಿನ ಮೇಲಿತ್ತು. ಪ್ರೋಬ್ ಸಿಕ್ಕಿಸುವ ಜಾಗ ಖಾಲಿ. ಅಲ್ಲಿನ ಚಿಲಕವನ್ನು ತಿರುಗಿಸಿಯೇ ಬಿಚ್ಚಿದ್ದರು; ಎಳೆದಾಡಿದ ಗುರುತಿರಲಿಲ್ಲ. ದಫೇದಾರರು ಇಬ್ಬರು ವಾರ್ಡ್ ನೌಕರರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುಮಾಡಿದರು.

"ಮಷಿನ್ ಇಲ್ಲಿ ಯಾಕಿತ್ತು?" ಇನ್‌ಸ್ಪೆಕ್ಟರ್ ಡಾಕ್ಟರನ್ನು ಕೇಳಿದರು. ಡಾಕ್ಟರಮ್ಮನಿಗೆ ನಲವತ್ತರ ವಯಸ್ಸು. ಮಾತು ಇವರ ಜೊತೆ, ಕಣ್ಣು ಎರಡನೇ ಹಾಸಿಗೆಯ ಮಾನಿಟರಿನ ಮೇಲೆ.

"ಇವತ್ತು ಇವ್ರಿಗೆ ಪರೀಕ್ಷೆ ಇತ್ತು. ಅದಕ್ಕೆ ನಿನ್ನೆನೇ ತಂದು ನಿಲ್ಸಿದ್ವಿ."

ಮೊದಲನೇ ಹಾಸಿಗೆಯಲ್ಲಿ ಒಬ್ಬ ಬೈಂಡಿಂಗ್ ಕೆಲಸಗಾರ ಮಲಗಿದ್ದ. ಜ್ವರ ಬಂದು ಹೃದಯದ ಮಾಂಸಖಂಡಕ್ಕೇ ಇಳಿದಿತ್ತು. ಹೆಬ್ಬೆರಳು ದಪ್ಪದ ಎರಡು ಕೊಳವೆಗಳು ಅವನ ತೊಡೆಯಿಂದ ಹೊರಟು ಒಂದು ಯಂತ್ರಕ್ಕೆ ಹೋಗಿದ್ದವು. ಒಂದರಲ್ಲಿ ಕಪ್ಪು ರಕ್ತ, ಇನ್ನೊಂದರಲ್ಲಿ ಕೆಂಪು. ಹೃದಯದ ಕೆಲಸವನ್ನು ಆ ಯಂತ್ರವೇ ಮಾಡುತ್ತಿತ್ತು.

"ಏನು ಪರೀಕ್ಷೆ?"

"ಈ ಮಷಿನ್ನಿನ ವೇಗ ಸ್ವಲ್ಪ ಸ್ವಲ್ಪ ಇಳಿಸ್ತೀವಿ. ಹೃದಯ ತಾನೇ ಎದ್ದು ಕೆಲಸ ಹಿಡಿಯುತ್ತಾ ಅಂತ ಎಕೋದಲ್ಲಿ ನೋಡ್ತೀವಿ."

"ಕೊನೇಗೆ ಇದನ್ನ ಮುಟ್ಟಿದ್ದು ಯಾರು?"

"ಟೆಕ್ನಿಷಿಯನ್. ನಿನ್ನೆ ಸಾಯಂಕಾಲ."

ಟೆಕ್ನಿಷಿಯನ್‌ನನ್ನು ಕ್ಯಾಂಟೀನಿನಿಂದ ಕರೆತಂದರು. ಬೋಳುತಲೆಯ ಗಟ್ಟಿ ಆಳು. ಹೋದ ವಾರ ರಜೆಯ ವಿಷಯಕ್ಕೆ ಹೆಡ್ ಸಿಸ್ಟರ್ ಜೊತೆ ಜಗಳವಾಡಿದ್ದ. ವಾರ್ಡಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಐದೇ ನಿಮಿಷದಲ್ಲಿ ಇನ್‌ಸ್ಪೆಕ್ಟರಿಗೂ ಗೊತ್ತಾಯಿತು.

"ಎಷ್ಟೊತ್ತಿಗೆ ಬಂದೆ?"

"ಎಂಟಕ್ಕೆ."

"ಕೋಪದಲ್ಲಿ ಎಲ್ಲಾದ್ರೂ ಎತ್ತಿಟ್ಟಿದ್ರೆ ಈಗಲೇ ಹೇಳಿಬಿಡಪ್ಪ. ಅಲ್ಲೊಬ್ಳು ಹುಡುಗಿ ಸಾಯ್ತಿದ್ದಾಳೆ."

"ರಜೆ ಕೊಡ್ಲಿಲ್ಲ ಅಂತ ಪ್ರೋಬ್ ಎತ್ತಿಡೋದಾ? ಅದು ಹೋದ್ರೆ ಎಲ್ಲರ ಬೈಗುಳ ನಂಗೇ ತಾನೆ ಸರ್. ಎತ್ತಿಡೋದಿದ್ರೆ ಹೆಡ್ ಸಿಸ್ಟರನ್ನೇ ಎತ್ತಿಡ್ತಿದ್ದೆ."

ಅವನ ಲಾಕರ್, ಚೀಲ, ಬೈಕಿನ ಪೆಟ್ಟಿಗೆ ಎಲ್ಲವನ್ನೂ ತೆಗೆಸಿದರು. ಎಲ್ಲೂ ಸಿಗಲಿಲ್ಲ. ಹೊರಬಾಗಿಲಲ್ಲಿ ಗಾರ್ಡ್ ಪ್ರತಿಯೊಂದು ಚೀಲ ನೋಡಿಯೇ ಬಿಡುತ್ತಿದ್ದ. ಹಾಗಾಗಿ ವಸ್ತು ಕಟ್ಟಡದ ಒಳಗೇ ಇರಬೇಕಿತ್ತು. ಆದರೆ ಕಟ್ಟಡಕ್ಕೆ ಐದು ಮಹಡಿ. ಒಂಬತ್ತಾಯಿತು. ತಪ್ಪು ಮನುಷ್ಯನ ಹಿಂದೆ ಬಿದ್ದು ಹೊತ್ತು ಕಳೆದೆನೇ ಎಂದು ಇನ್‌ಸ್ಪೆಕ್ಟರ್ ಒಳಗೊಳಗೇ ಬೆವರಿದರು.

ಅಷ್ಟರಲ್ಲಿ ಡಾಕ್ಟರು ಎರಡನೇ ಹಾಸಿಗೆಯವಳ ನಿನ್ನೆಯ ಚಿತ್ರವಾದರೂ ಸಿಕ್ಕೀತೆಂದು ಎಕೋ ಯಂತ್ರದಲ್ಲಿ ಉಳಿದಿದ್ದ ಚಿತ್ರಗಳನ್ನು ಹುಡುಕುತ್ತಿದ್ದರು. ಕೈ ತಟ್ಟನೆ ನಿಂತಿತು.

"ಇದು ಯಾರು ತೆಗೆದಿದ್ದು?"

ಪರದೆಯ ಮೇಲೆ ರೋಗಿಯ ಹೆಸರಿಲ್ಲದ ಒಂದು ಚಿಕ್ಕ ಚಿತ್ರವಿತ್ತು. ಬೂದುಬಣ್ಣದ ನೆರಳುಗಳು ಮಂದವಾಗಿ ಅಲುಗುತ್ತಿದ್ದವು. ಮೂಲೆಯಲ್ಲಿ ಸಮಯ: ಇವತ್ತು ಬೆಳಿಗ್ಗೆ ಏಳು ದಾಟಿ ಆರು ನಿಮಿಷ.

"ಈ ಎರಡು ಬಿಳಿ ಗೆರೆ ನೋಡಿ. ಕೊಳವೆ ಇದು. ಕೊಳವೆ ಇರೋದು ಮೊದಲನೇ ಹಾಸಿಗೆಯವ್ರಿಗೆ ಮಾತ್ರ. ಆದ್ರೆ ಚಿತ್ರ ತಿರುಗುಮುರುಗಾಗಿದೆ. ಹೃದಯದ ಎಡಭಾಗ ಬಲಕ್ಕೆ ಬರ್ಬೇಕು, ಎಡಕ್ಕೇ ಇದೆ."

ಟೆಕ್ನಿಷಿಯನ್ ಬಗ್ಗಿ ನೋಡಿದ. "ನನ್ನ ಕೈಯಲ್ಲ ಇದು," ಎಂದ. ದನಿಯಲ್ಲಿ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಿತ್ತು.

"ತಿರುಗುಮುರುಗು ಹೇಗಾಗುತ್ತೆ?"

"ಪ್ರೋಬಿನ ಒಂದು ಪಕ್ಕ ಸಣ್ಣ ಏಣು ಇರುತ್ತೆ ಸರ್. ನಾನು ಹಾಸಿಗೆ ಬಲಗಡೆ ನಿಂತು ತೋರುಬೆರಳು ಅದರ ಮೇಲಿಟ್ಟು ಮುಂದಕ್ಕೆ ಹಿಡೀತೀನಿ. ಏಣು ರೋಗಿಯ ಎಡಕ್ಕಿದ್ರೆ ಚಿತ್ರ ಸರಿ, ಬಲಕ್ಕೆ ತಿರುಗಿದ್ರೆ ಉಲ್ಟಾ."

ಇನ್‌ಸ್ಪೆಕ್ಟರ್ ದಫೇದಾರರನ್ನು ಖಾಲಿ ಸ್ಟ್ರೆಚರಿನ ಮೇಲೆ ಮಲಗಲು ಹೇಳಿದರು.

"ನಾನಾ ಸರ್?"

"ಮಲ್ಕೊಳ್ರೀ. ಮನೇಲಿ ಹೇಳಿಸ್ಕೊಳ್ದೆ ಮಲಗ್ತೀರಲ್ಲ."

ಪೆನ್ನಿನ ಕ್ಲಿಪ್ಪನ್ನೇ ಏಣೆಂದುಕೊಂಡು, ತೋರುಬೆರಳು ಅದರ ಮೇಲಿಟ್ಟು, ಬಲಗಡೆ ನಿಂತು ದಫೇದಾರರ ಎದೆಯ ಮೇಲೆ ಹಿಡಿದರು. ಕ್ಲಿಪ್ಪು ದಫೇದಾರರ ಎಡಕ್ಕಿತ್ತು. ಸ್ಟ್ರೆಚರ್ ಸುತ್ತಿ ಬಂದು, ಎಡಗಡೆ ನಿಂತು, ಹಿಡಿತ ಬದಲಾಯಿಸದೆ ಹಾಗೇ ಹಿಡಿದರು. ಕ್ಲಿಪ್ಪು ಬಲಕ್ಕೆ ತಿರುಗಿತ್ತು.

"ಎಡಗಡೆ ನಿಂತು ಹಿಡಿದಿದ್ದಾರೆ. ಬಲಗಡೆ ನಿಂತೋರನ್ನ ದಿನಾ ಎದುರಿಂದ ನೋಡಿ ಕಲಿತೋರ ಕೆಲಸ ಇದು," ಎಂದರು. "ಎಡಗಡೆ ಯಾರಿರ್ತಾರೆ?"

ಹೆಡ್ ಸಿಸ್ಟರ್ ಉತ್ತರಿಸುವ ಮೊದಲು ಮೊದಲನೇ ಹಾಸಿಗೆಯತ್ತ ತಿರುಗಿದರು. ಎಡಗಡೆ, ಗೋಡೆಗೆ ತಾಗಿ, ಒಂದು ಸ್ಟೂಲ್ ಇತ್ತು.

"ಟೈಲರಕ್ಕ," ಎಂದರು ಮೆಲ್ಲಗೆ. "ಅವನ ಅಕ್ಕ. ಸಾಯಂಕಾಲ ಎಕೋ ಮಾಡುವಾಗ ಆ ಸ್ಟೂಲಲ್ಲೇ ಕೂತಿರ್ತಾಳೆ. ಬೆಳಿಗ್ಗೆ ನಾವು ಡ್ಯೂಟಿ ಬದಲಾಯಿಸೋ ಹೊತ್ತಲ್ಲಿ ಬಂದು ಮುಖ ಒರೆಸಿ ಹೋಗ್ತಾಳೆ. ನಾವೆಲ್ಲ ಆಗ ಬಾಗಿಲ ಹತ್ರ ನಿಂತು ಒಬ್ಬರಿಗೊಬ್ಬರು ರೋಗಿಗಳ ವಿಷಯ ಒಪ್ಪಿಸ್ತಿರ್ತೀವಿ. ಒಳಗೆ ಯಾರೂ ಆ ಕಡೆ ನೋಡಲ್ಲ."

ಹೊರಗಿನ ಉದ್ದ ಬೆಂಚಿನ ತುದಿಯಲ್ಲಿ ಅವಳು ಕೂತಿದ್ದಳು. ಐವತ್ತರ ಹತ್ತಿರದ ಹೆಂಗಸು, ಬೆರಳ ತುದಿಯಲ್ಲೆಲ್ಲ ಸೂಜಿಯ ಗುರುತು. ತೊಡೆಯ ಮೇಲೆ ಬಟ್ಟೆಚೀಲ. ಪಕ್ಕದಲ್ಲಿ ಎರಡನೇ ಹಾಸಿಗೆಯವಳ ಗಂಡ, ವ್ಯಾನ್ ಡ್ರೈವರ್, ತಲೆ ಗೋಡೆಗಾನಿಸಿ ಕಣ್ಣು ಮುಚ್ಚಿದ್ದ. ಅವನ ಟೀ ಲೋಟ ಇವಳ ಕೈಯಲ್ಲಿತ್ತು. ಅವನು ಕುಡಿಯಲೆಂದು ಹಿಡಿದುಕೊಂಡೇ ಕೂತಿದ್ದಳು.

"ಬೆಳಿಗ್ಗೆ ಒಳಗೆ ಹೋಗಿದ್ರಾ ಅಕ್ಕ?"

"ದಿನಾ ಹೋಗ್ತೀನಿ."

"ಯಾವ ಕಡೆ ಕೂರ್ತೀರಿ?"

"ಎಡಗಡೆ. ಆ ಕಡೆ ಎಲ್ಲ ಪೈಪು."

"ತಮ್ಮನ ಹೃದಯ ನೋಡಿದ್ರಾ?"

ಅವಳು ತೊಡೆಯ ಮೇಲಿನ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು.

ಇನ್‌ಸ್ಪೆಕ್ಟರ್ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಜೋರು ಮಾಡಿದರೆ ಇವಳು ಬಾಯಿ ಬಿಡುವುದಿಲ್ಲ, ಮೆತ್ತಗಾದರೆ ಹೊತ್ತು ಹೋಗುತ್ತದೆ. ಯಾವುದು ಸರಿಯೆಂದು ಅವರಿಗೆ ಗೊತ್ತಿರಲಿಲ್ಲ. ಇದ್ದುದನ್ನೇ ಹೇಳಿದರು.

"ಅಕ್ಕ, ಇವ್ರ ಹೆಂಡ್ತಿಗೆ ಬಿ.ಪಿ. ಇಳೀತಿದೆ. ಹೃದಯದಲ್ಲಿ ಏನಾಗಿದೆ ಅಂತ ನೋಡೋಕೆ ಅದೊಂದೇ ಇರೋದು. ಬೇರೆದು ಬರೋ ಹೊತ್ತಿಗೆ ಏನಾಗುತ್ತೋ ಡಾಕ್ಟರಿಗೂ ಗೊತ್ತಿಲ್ಲ."

ಅವಳು ಡ್ರೈವರನ ಕಡೆ ನೋಡಿದಳು. ಅವನು ಕಣ್ಣು ತೆರೆದಿದ್ದ.

"ಅದು ನನ್ನ ತಮ್ಮನಿಗಂತಲೇ ತಂದಿದ್ದು ಅಂದ್ಕೊಂಡೆ," ಎಂದಳು. "ಎಲ್ಲರಿಗೂ ಅದೊಂದೇನಾ?"

ಚೀಲ ಬಿಚ್ಚಿ ತಮ್ಮನ ಅಂಗಿಯ ಗಂಟನ್ನು ಠಾಣೆಯಿಂದ ಜೊತೆಗೆ ಬಂದಿದ್ದ ಮಹಿಳಾ ಪೇದೆಯ ಕೈಗೆ ಕೊಟ್ಟಳು. ಒಳಗೆ ಪ್ರೋಬ್ ಇತ್ತು. ವಯರನ್ನು ಎಲ್ಲೂ ಮುರಿಯದಂತೆ ದೊಡ್ಡ ದೊಡ್ಡ ಸುತ್ತಾಗಿ ಸುತ್ತಿದ್ದಳು, ಟೆಕ್ನಿಷಿಯನ್ ದಿನವೂ ಸುತ್ತುವ ಹಾಗೆಯೇ. ಪಂಚರ ಎದುರು ಗುರುತಿಸಿ, ಜಪ್ತಿ ಬರೆದು, ಆಗಲೇ ಒಳಗೆ ಕಳುಹಿಸಿದರು. ಉಳಿದ ಕಾಗದದ ಕೆಲಸ ಹಿಂದಿನಿಂದ ಬರಲಿ ಎಂದರು ಇನ್‌ಸ್ಪೆಕ್ಟರ್. ದಫೇದಾರರು ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಹೃದಯದ ಸುತ್ತ ರಕ್ತ ಕಟ್ಟಿತ್ತು. ಸೂಜಿ ಹಾಕಿ ತೆಗೆದರು. ಒತ್ತಡ ಮೇಲೆ ಬಂತು. ಹೆಡ್ ಸಿಸ್ಟರ್ ಬಾಗಿಲಿಗೆ ಬಂದು ಡ್ರೈವರನಿಗೆ ತಲೆಯಾಡಿಸಿದಾಗ ಅವನು ಎದ್ದು ನಿಂತ, ಮತ್ತೆ ಕೂತ. ಟೈಲರಕ್ಕನಿಗೆ ಬೈಯಬೇಕೆಂದು ಬಾಯಿ ತೆರೆದವನು ಅವಳ ಕೈಯಿಂದ ತನ್ನ ಟೀ ಲೋಟ ಇಸಿದುಕೊಂಡ.

ಡಾಕ್ಟರರ ಕೊಠಡಿಯಲ್ಲಿ ಹೇಳಿಕೆ ತೆಗೆದುಕೊಂಡರು.

"ಯಾಕೆ ತಗೊಂಡ್ರಿ?"

"ನಿನ್ನೆ ಡಾಕ್ಟರಮ್ಮ ಹೇಳಿದ್ರು. ನಾಳೆ ಮಷಿನ್ ಇಳಿಸಿ ನೋಡ್ತೀವಿ, ಹೃದಯ ಏಳದಿದ್ರೆ ಕೂತು ಮಾತಾಡೋಣ ಅಂತ. ಹೋದ ವಾರ ಮೂರನೇ ಹಾಸಿಗೆಯವ್ರ ಹತ್ರಾನೂ ಕೂತು ಮಾತಾಡಿದ್ರು. ಸಾಯಂಕಾಲಕ್ಕೆ ಆ ಹಾಸಿಗೆ ತೊಳೀತಿದ್ರು." ಸೆರಗಿನ ಅಂಚನ್ನು ಬೆರಳಲ್ಲಿ ಮಡಿಸುತ್ತ ಹೇಳಿದಳು. "ಪರೀಕ್ಷೆಗೆ ಮುಂಚೆ ನಾನೇ ಒಂದ್ಸಲ ನೋಡ್ಬಿಡೋಣ ಅನ್ನಿಸ್ತು. ಹಚ್ಚೋ ಜೆಲ್ ಅಲ್ಲೇ ಇತ್ತು. ಆ ಮಷಿನ್ನಿನವ್ನು ಒತ್ತೋ ಗುಂಡಿಗಳನ್ನೇ ಒತ್ತಿ, ಅವ್ನು ಹಿಡಿಯೋ ಹಾಗೇ ಹಿಡಿದೆ. ಕಾಣಿಸ್ತು. ಹೊಡ್ಕೊಳ್ತಾನೇ ಇರ್ಲಿಲ್ಲ ಸರ್. ಸುಮ್ನೆ ಮಲಗಿತ್ತು. ಇದನ್ನ ಇವ್ರು ನೋಡಿದ್ರೆ ಮುಗೀತು ಅಂದ್ಕೊಂಡೆ."

ಡಾಕ್ಟರು ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತರು. "ಮಷಿನ್ ಪೂರ್ತಿ ವೇಗದಲ್ಲಿದ್ರೆ ರಕ್ತವೆಲ್ಲ ಅದೇ ಎಳ್ಕೊಳ್ಳುತ್ತೆ ಅಕ್ಕ. ಹೃದಯಕ್ಕೆ ಕೆಲಸಾನೇ ಇರಲ್ಲ. ಮಲಗಿರೋ ಹಾಗೇ ಕಾಣುತ್ತೆ. ಅದಕ್ಕೇ ಇಳಿಸಿ ನೋಡೋದು." ಕುರ್ಚಿಯನ್ನು ಇನ್ನೂ ಹತ್ತಿರ ಸರಿಸಿದರು. "ಇದನ್ನ ನಿನ್ನೆನೇ ಬಿಡಿಸಿ ಹೇಳ್ಬೇಕಿತ್ತು."

ಕಳವು ಮತ್ತು ರೋಗಿಯ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು. ಬಂಧನದ ಕಾಗದವನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಒಂದು ಸಾಲು ಖಾಲಿಯಿತ್ತು.

"ಬಂಧನದ ವಿಷಯ ನಿಮ್ಮ ಕಡೆಯವ್ರು ಯಾರಿಗಾದ್ರೂ ತಿಳಿಸ್ಬೇಕು. ಯಾರಿದ್ದಾರೆ?"

"ತಮ್ಮ."

"ಬೇರೆ?"

"ಅಮ್ಮ ಹೋದಾಗ ಅವ್ನಿಗೆ ಮೂರು ವರ್ಷ. ಆಗಿಂದ ನಾವಿಬ್ರೇ."

ಮಹಿಳಾ ಪೇದೆ ಅವಳನ್ನು ಕೆಳಗೆ ಜೀಪಿಗೆ ಕರೆದೊಯ್ದಳು. ಇನ್‌ಸ್ಪೆಕ್ಟರ್ ಮತ್ತೆ ಬೂಟು ಬಿಚ್ಚಿ ಒಳಗೆ ಹೋದರು. ಮೊದಲನೇ ಹಾಸಿಗೆಯ ಬಲಗಡೆ ಟೆಕ್ನಿಷಿಯನ್ ಪ್ರೋಬ್ ಹಿಡಿದು ನಿಂತಿದ್ದ. ಡಾಕ್ಟರು ಯಂತ್ರದ ವೇಗವನ್ನು ಇಳಿಸುತ್ತಿದ್ದರು. ಇನ್‌ಸ್ಪೆಕ್ಟರ್ ಎಡಗಡೆ ಸ್ಟೂಲಿನ ಮೇಲೆ ಕೂತು ರೋಗಿಯ ಕಿವಿಯ ಹತ್ತಿರ ಬಗ್ಗಿದರು. ನಿಯಮದ ಪ್ರಕಾರ ತಿಳಿಸಲೇಬೇಕಿತ್ತು.

"ನಿಮ್ಮಕ್ಕನ್ನ ಠಾಣೆಗೆ ಕರ್ಕೊಂಡು ಹೋಗ್ತಿದ್ದೀವಿ," ಎಂದರು. "ಅವ್ರಿಗೆ ಅಂಥದ್ದೇನೂ ಆಗಲ್ಲ. ನೀವು ನಿಮ್ಮದು ನೋಡ್ಕೊಳ್ಳಿ."

ಪರದೆಯಲ್ಲಿ ಬೂದು ನೆರಳು ಒಮ್ಮೆ ಕುಗ್ಗಿತು. ತಡವಾಗಿ ಹಿಗ್ಗಿತು. ಮತ್ತೆ ಕುಗ್ಗಿತು, ಈ ಸಲ ಇನ್ನಷ್ಟು ಬಿಗಿಯಾಗಿ.

"ಏಳ್ತಿದೆ," ಎಂದರು ಡಾಕ್ಟರು. "ಪೂರ್ತಿ ಅಲ್ಲ. ಮಷಿನ್ ಇನ್ನೂ ಬೇಕು. ಆದ್ರೆ ಏಳ್ತಿದೆ."

ಇನ್‌ಸ್ಪೆಕ್ಟರ್ ಬಂಧನದ ಕಾಗದ ತೆಗೆದು, ಖಾಲಿ ಸಾಲಿನಲ್ಲಿ 'ತಮ್ಮನಿಗೆ ತಿಳಿಸಲಾಗಿದೆ' ಎಂದು ಬರೆದರು. ಆಮೇಲೆ ಜೀಪಿನ ಕಡೆಗೆ ಮೆಟ್ಟಿಲನ್ನು ಬೇಗ ಬೇಗ ಇಳಿದರು.